ಕ್ಯಾಂಪಸ್ ನೇಮಕಾತಿ

ಕ್ಯಾಂಪಸ್ ನೇಮಕಾತಿ: ಕಂಪನಿಗಳು ಕಾಲೇಜಿಗೇ ಬಂದು, ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಪದವಿ ಕೈಗೆ ಬರುವ ಮೊದಲೇ ಕೆಲಸಕ್ಕೆ ಆರಿಸಿಕೊಳ್ಳುವ ಪದ್ಧತಿ. ಆಡುಮಾತಿನಲ್ಲಿ ಕ್ಯಾಂಪಸ್ ಸೆಲೆಕ್ಷನ್ ಅಥವಾ ಪ್ಲೇಸ್‌ಮೆಂಟ್. ಕರ್ನಾಟಕದಲ್ಲಿ ಇದು ದೊಡ್ಡದಾಗಿ ಬೆಳೆದದ್ದು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದ ಜೊತೆಯಲ್ಲಿ. 2022ರ ನಂತರ ಅದು ಸೊರಗಿದ್ದಕ್ಕೂ ಆ ಉದ್ಯಮದ ಏರುಪೇರೇ ಕಾರಣ.

ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದದ್ದು 1983ರಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆದದ್ದು 1985ರಲ್ಲಿ. 1990ರ ದಶಕದ ಕೊನೆಗೆ ವೈಟುಕೆ ಕೆಲಸ (2000ನೇ ಇಸವಿಗೆ ಮುನ್ನ ಹಳೆಯ ಪ್ರೋಗ್ರಾಮ್‌ಗಳ ದಿನಾಂಕದ ದೋಷ ಸರಿಪಡಿಸುವುದು) ಹೊಳೆಯಾಗಿ ಹರಿದು ಬಂದಾಗ ಇದ್ದಬದ್ದ ಕಂಪ್ಯೂಟರ್ ಪದವೀಧರರು ಸಾಲಲಿಲ್ಲ. ಅಷ್ಟರಲ್ಲಿ ರಾಜ್ಯದಲ್ಲಿ ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿ ಬೇರೂರಿತ್ತು, 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಹುಟ್ಟಿತು. ಎಂಜಿನಿಯರಿಂಗ್ ಕಾಲೇಜುಗಳು ಊರೂರಿಗೆ ಹಬ್ಬಿದವು. ಕಂಪನಿಗಳು ಅವುಗಳ ಬಾಗಿಲಿಗೆ ಬಂದವು.

ಇನ್ಫೋಸಿಸ್‌ನಂಥ ಸಾಫ್ಟ್‌ವೇರ್ ಸೇವಾ ಕಂಪನಿಗಳ ಗಳಿಕೆಯ ಲೆಕ್ಕಾಚಾರವೇ ಈ ನೇಮಕಾತಿಯ ಬೆನ್ನೆಲುಬು. ಎಷ್ಟು ಜನ ಎಷ್ಟು ಗಂಟೆ ದುಡಿದರು ಎಂಬುದರ ಮೇಲೆ ವಿದೇಶಿ ಗ್ರಾಹಕರಿಗೆ ಬಿಲ್ ಹೋಗುತ್ತದೆ. ಆದ್ದರಿಂದ ಒಬ್ಬ ಅನುಭವಿಯ ಕೈಕೆಳಗೆ ಕಡಿಮೆ ಸಂಬಳದ ಹಲವು ಹೊಸಬರಿದ್ದರೆ ಲಾಭ ಹೆಚ್ಚು. ಇದನ್ನು ಪಿರಮಿಡ್ ಎನ್ನುತ್ತಾರೆ. ಅದರ ತಳ ತುಂಬಲು ವರ್ಷವರ್ಷವೂ ಸಾವಿರಾರು ಫ್ರೆಶರ್‌ಗಳು ಬೇಕಾಗುತ್ತಿದ್ದರು. ಓದಿದ್ದು ಸಿವಿಲ್ಲೋ ಮೆಕ್ಯಾನಿಕಲ್ಲೋ ಎಂದು ಕೇಳುತ್ತಿರಲಿಲ್ಲ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ. 60 ಅಂಕ, ಬ್ಯಾಕ್‌ಲಾಗ್ ಇರಬಾರದು. ಇದು ಹಲವು ಕಂಪನಿಗಳ ಸಾಮಾನ್ಯ ಕಟ್‌ಆಫ್. ಬೆಳಿಗ್ಗೆ ಸಭಾಂಗಣದಲ್ಲಿ ಕಂಪನಿಯ ಪರಿಚಯ, ಆಮೇಲೆ ಆಪ್ಟಿಟ್ಯೂಡ್ ಪರೀಕ್ಷೆ, ಗೆದ್ದವರಿಗೆ ಟೆಕ್ನಿಕಲ್ ಮತ್ತು ಎಚ್‌ಆರ್ ಸಂದರ್ಶನ. ಸಂಜೆ ಹೆಸರು ಓದುವಾಗ ಒಂದೇ ಕಾಲೇಜಿನಿಂದ ನೂರಾರು ಮಂದಿ ಆಯ್ಕೆಯಾದ ವರ್ಷಗಳೂ ಇದ್ದವು.

ಆಯ್ಕೆಯಾದವರಿಗೆ ಕೆಲಸ ಕಲಿಸುವ ಖರ್ಚನ್ನು ಕಂಪನಿಯೇ ಹೊರುತ್ತಿತ್ತು. ಮೈಸೂರಿನ ಹೆಬ್ಬಾಳದಲ್ಲಿ ಸುಮಾರು 337 ಎಕರೆಯಲ್ಲಿ ಹರಡಿರುವ ಇನ್ಫೋಸಿಸ್ ತರಬೇತಿ ಕೇಂದ್ರ ಇದರ ದೊಡ್ಡ ನಿದರ್ಶನ. ಹೊಸಬರು ತಿಂಗಳುಗಟ್ಟಲೆ ಅಲ್ಲೇ ಉಳಿದು, ಸಂಬಳ ಪಡೆಯುತ್ತಲೇ ಪ್ರೋಗ್ರಾಮಿಂಗ್ ಕಲಿಯುತ್ತಿದ್ದರು. ಪ್ರಾಜೆಕ್ಟ್ ಸಿಗುವವರೆಗೆ ಬೆಂಚ್ ಮೇಲೆ ಕೂತರೂ ಸಂಬಳ ನಿಲ್ಲುತ್ತಿರಲಿಲ್ಲ. ಇಂಗ್ಲಿಷ್ ತಡವರಿಸುವ, ಮನೆಯಲ್ಲಿ ಕಂಪ್ಯೂಟರ್ ಕಾಣದ ಹುಡುಗ ಹುಡುಗಿಯರನ್ನು ಮಧ್ಯಮವರ್ಗಕ್ಕೆ ದಾಟಿಸಿದ್ದು ಈ ಏರ್ಪಾಡು. ಅದರ ಈ ಗುಣವನ್ನು ಇಂದಿನ ಚರ್ಚೆಗಳಲ್ಲಿ ಯಾರೂ ಸಾಕಷ್ಟು ನೆನೆಯುವುದಿಲ್ಲ. ಸಂಬಳದ ವಿಷಯದಲ್ಲಿ ಮಾತ್ರ ಅದು ಜಿಪುಣವಾಗಿಯೇ ಉಳಿಯಿತು: 2010ರ ಸುಮಾರಿಗೆ ವರ್ಷಕ್ಕೆ ಮೂರು ಲಕ್ಷ ದಾಟಿದ್ದ ಸಾಮಾನ್ಯ ಪ್ಯಾಕೇಜ್ ಹದಿನೈದು ವರ್ಷಗಳ ನಂತರವೂ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಇದೆ. ಬೆಂಗಳೂರಿನ ಮನೆಬಾಡಿಗೆ ಹಾಗೆ ನಿಂತಲ್ಲೇ ನಿಂತಿಲ್ಲ.

2022ರ ನಂತರ ಈ ನೇಮಕಾತಿಯ ಇಳಿತ ಎಷ್ಟು ಕಡಿದಾಗಿತ್ತು ಎಂಬುದಕ್ಕೆ ಇನ್ಫೋಸಿಸ್ ಒಂದರ ಅಂಕಿಗಳೇ ಸಾಕು. 2021–22ರಲ್ಲಿ ಅದು ತೆಗೆದುಕೊಂಡ ಹೊಸ ಪದವೀಧರರು ಸುಮಾರು 85,000, ಮರುವರ್ಷ 50,000, 2023–24ರಲ್ಲಿ 11,900. ಆ ಕೊನೆಯ ವರ್ಷ ಕಂಪನಿಯ ಒಟ್ಟು ನೌಕರರ ಸಂಖ್ಯೆ 25,994ರಷ್ಟು ಇಳಿಯಿತು. ಇನ್ನೊಂದು ದೊಡ್ಡ ಸೇವಾ ಕಂಪನಿಯಾದ ಟಿಸಿಎಸ್‌ನಲ್ಲೂ ಅದೇ ವರ್ಷ 13,249 ಮಂದಿ ಕಡಿಮೆಯಾದರು. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ. 2ರಷ್ಟನ್ನು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು, ಮುಖ್ಯವಾಗಿ ಮಧ್ಯಮ ಮತ್ತು ಮೇಲಿನ ಹಂತದವರನ್ನು ಕೈಬಿಡುವುದಾಗಿ ಪ್ರಕಟಿಸಿತು.

ಈ ಇಳಿತಕ್ಕೆಲ್ಲ ಕೃತಕ ಬುದ್ಧಿಮತ್ತೆಯೇ ಕಾರಣ ಎಂಬ ಮಾತು ಪೂರ್ತಿ ನಿಜವಲ್ಲ. ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್‌ನಲ್ಲಿ. ಅದು ಕಂಪನಿಗಳ ಕೆಲಸದೊಳಗೆ ಹೊಗುವ ಮೊದಲೇ ನೇಮಕಾತಿಗೆ ಕತ್ತರಿ ಬಿದ್ದಿತ್ತು. ಕೊರೊನಾ ಕಾಲದ ಬೇಡಿಕೆ ನಂಬಿ ಮಿತಿಮೀರಿ ಜನ ತೆಗೆದುಕೊಂಡದ್ದು, ಬಡ್ಡಿದರ ಏರಿ ಅಮೆರಿಕ ಮತ್ತು ಯುರೋಪಿನ ಗ್ರಾಹಕರು ಖರ್ಚು ಬಿಗಿಹಿಡಿದದ್ದು ಮೊದಲ ಕಾರಣಗಳು. 2022ರಲ್ಲಿ ಆಫರ್ ಲೆಟರ್ ಪಡೆದ ಕೆಲವರು ಸೇರುವ ದಿನಾಂಕಕ್ಕೆ ಎರಡು ವರ್ಷದವರೆಗೂ ಕಾದರು. ಆ ನಡುವೆ ಬೇರೆ ಕೆಲಸ ಹಿಡಿಯಲೂ ಅಂಜಿದರು. ಆದರೆ ಕೃತಕ ಬುದ್ಧಿಮತ್ತೆ ಈಗ ಮಾಡುತ್ತಿರುವ ಕೆಲಸವಂತೂ ಪಿರಮಿಡ್ಡಿನ ತಳದ್ದೇ: ಸಣ್ಣ ಕೋಡ್ ಬರೆಯುವುದು, ಟೆಸ್ಟ್ ಕೇಸ್ ತಯಾರಿಸುವುದು, ಹಳೆಯ ಪ್ರೋಗ್ರಾಮ್ ಓದಿ ವಿವರಿಸುವುದು. ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದದ್ದು ಇವುಗಳಲ್ಲೇ.

ಈಗ ಬೇಡಿಕೆ ಹೆಚ್ಚುತ್ತಿರುವುದು ಬಹುರಾಷ್ಟ್ರೀಯ ಕಂಪನಿಗಳ ಸ್ವಂತ ಕೇಂದ್ರಗಳಲ್ಲಿ, ಅಂದರೆ ಜಿಸಿಸಿಗಳಲ್ಲಿ. 2024ರ ವೇಳೆಗೆ ದೇಶದಲ್ಲಿ ಇಂಥ 1,700ಕ್ಕೂ ಹೆಚ್ಚು ಕೇಂದ್ರಗಳಿದ್ದು, ಸುಮಾರು 19 ಲಕ್ಷ ಮಂದಿಗೆ ಕೆಲಸ ಕೊಟ್ಟಿದ್ದವು. ಬೆಂಗಳೂರು ಅವುಗಳ ಅತಿ ದೊಡ್ಡ ನೆಲೆ. ಕರ್ನಾಟಕ ಸರ್ಕಾರ 2024ರಲ್ಲಿ ಅವಕ್ಕೆಂದೇ ನೀತಿಯೊಂದನ್ನು ತಂದಿತು. ಆದರೆ ಇವು ಸಂತೆಗೆ ಬಂದಂತೆ ಬಂದು ನೂರಾರು ಮಂದಿಯನ್ನು ಕರೆದೊಯ್ಯುವುದಿಲ್ಲ. ಅನುಭವಿಗಳಿಗೇ ಮೊದಲ ಮಣೆ. ಹೊಸಬರಾದರೆ ಆಯ್ದ ಕೆಲವೇ ಕಾಲೇಜುಗಳಿಂದ, ತಿಂಗಳುಗಟ್ಟಲೆ ಇಂಟರ್ನ್‌ಶಿಪ್‌ನಲ್ಲಿ ನೋಡಿ, ಮೆಚ್ಚಿದರೆ ಕೆಲಸ. ಉಳಿದವರ ಪಾಲಿಗೆ ಆಫ್-ಕ್ಯಾಂಪಸ್: ಆನ್‌ಲೈನ್ ಕೋಡಿಂಗ್ ಪರೀಕ್ಷೆ, ಟಿಸಿಎಸ್‌ನ ಎನ್‌ಕ್ಯೂಟಿಯಂಥ ರಾಷ್ಟ್ರಮಟ್ಟದ ಪರೀಕ್ಷೆ, ಪರಿಚಿತರ ರೆಫರಲ್, ರೆಸ್ಯೂಮೆಯನ್ನು ಮನುಷ್ಯರಿಗಿಂತ ಮೊದಲು ಜರಡಿ ಹಿಡಿಯುವ ಸಾಫ್ಟ್‌ವೇರ್.

ಈ ಬದಲಾವಣೆಯಲ್ಲಿ ಅತಿ ಮುಖ್ಯವಾದದ್ದು ಕಲಿಕೆಯ ಖರ್ಚು ಕಂಪನಿಯ ಹೆಗಲಿನಿಂದ ಮನೆಯವರ ಹೆಗಲಿಗೆ ಜಾರಿರುವುದು. ಬಿಟಿಎಂ ಲೇಔಟ್, ಮಾರತ್‌ಹಳ್ಳಿಯ ಪಿಜಿಗಳಲ್ಲಿ ಉಳಿದು, ಫುಲ್ ಸ್ಟ್ಯಾಕ್, ಟೆಸ್ಟಿಂಗ್, ಡೇಟಾ ಅನಾಲಿಟಿಕ್ಸ್ ಕೋರ್ಸುಗಳಿಗೆ ಸಾವಿರಾರು ರೂಪಾಯಿ ಕಟ್ಟಿ ಕಲಿಯುವವರು ಈಗಾಗಲೇ ಎಂಜಿನಿಯರಿಂಗ್ ಮುಗಿಸಿದವರು. ಬೀದರ್, ಕೊಪ್ಪಳಗಳಿಂದ ಬಂದವರಿಗೆ ಫೀಸಿನ ಜೊತೆಗೆ ನಗರದ ಊಟ ವಸತಿಯೂ ಹೊರೆ. 2024ರ ಜನವರಿಯಿಂದ ರಾಜ್ಯ ಸರ್ಕಾರ ಕೊಡುತ್ತಿರುವ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಅದೂ ಪದವಿ ಮುಗಿಸಿ 180 ದಿನ ಕೆಲಸ ಸಿಗದೆ ಕಳೆದವರಿಗೆ. ಬೆಂಗಳೂರಿನ ಪಿಜಿಯೊಂದರ ತಿಂಗಳ ಬಾಡಿಗೆಗೂ ಅದು ಸಾಲುವುದಿಲ್ಲ.