ಪಾರಿಜಾತದ ಎಸಳು ಎಣಿಸಿದ ಕಥೆ

ಹೋದ ಭಾನುವಾರ ಬೆಳಿಗ್ಗೆ ಬೇಗೂರಿನ ನಮ್ಮ ಮನೆ ಅಂಗಳದಲ್ಲಿ ಬಿದ್ದ ಪಾರಿಜಾತ ಆಯುತ್ತಾ ಮಗಳು ಕೇಳಿದಳು, “ಅಪ್ಪಾ, ಇದಕ್ಕೆ ಆರು ಎಸಳು, ಇದಕ್ಕೆ ಏಳು.. ಯಾಕೆ?” ಉತ್ತರ ಗೊತ್ತಿರಲಿಲ್ಲ. ಇಬ್ಬರೂ ಕೂತು ಎಣಿಸಿದೆವು. ಐದರದ್ದು ಒಂದು ಸಾಲು, ಆರರದ್ದು ಒಂದು, ಹೀಗೆ ಎಂಟರವರೆಗೆ. ಆರರ ಸಾಲು ಎಲ್ಲಕ್ಕಿಂತ ಉದ್ದ, ಎಂಟರದ್ದು ತೀರಾ ಗಿಡ್ಡ. ನೆಲದ ಮೇಲೆ ಹೂವಿನದೇ ಹಿಸ್ಟೋಗ್ರಾಮ್! “ನೋಡು ಪುಟ್ಟಿ, ಪ್ರಕೃತಿ ಆರನ್ನೇ ಆರಿಸಿಕೊಂಡಿದೆ. ಇದೇ ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ” ಅಂತ ದೊಡ್ಡದಾಗಿ ಹೇಳಿಬಿಟ್ಟೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯ್ತು, ಹಾಗೆ ಹೇಳೋ ಹಾಗಿಲ್ಲ.

ಈ ಎಣಿಕೆಯನ್ನು ನಮಗಿಂತ ಮುಂಚೆ ಮಾಡಿದವರಿದ್ದಾರೆ. ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ದುಬಾರಿ ಯಂತ್ರಗಳಿಲ್ಲದೆಯೂ ಒಳ್ಳೆ ವಿಜ್ಞಾನ ಮಾಡಬಹುದು ಅನ್ನೋದು ಅವರ ನಂಬಿಕೆ. ಅವರ ಜೊತೆಗಿದ್ದ ಎಸ್.ಕೆ. ರಾಯ್ ಪಾರಿಜಾತದ ಎಸಳುಗಳನ್ನೇ ಎಣಿಸಿದರು. (ಅದೇ ಸಂಸ್ಥೆಯಲ್ಲಿದ್ದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಹೂವಿನ ಲೆಕ್ಕಕ್ಕೂ ಹಡಗಲಿಗೂ ನಂಟು ನೋಡಿ :-) )

ಒಂದು ಮರದ ಹೂಗಳಿಗೆಲ್ಲ ಒಂದೇ ವಂಶವಾಹಿಗಳು. ಆದರೂ ಎಸಳು ಬೇರೆ ಬೇರೆ. ಅಂದರೆ ಆ ಮರದೊಳಗಿನ ವ್ಯತ್ಯಾಸ ಬೀಜದ ಮೂಲಕ ಮುಂದಿನ ಪೀಳಿಗೆಗೆ ಹೋಗುವಂಥದ್ದಲ್ಲ. ಹೋಗದಿದ್ದರೆ ಆಯ್ಕೆಗೆ ಅಲ್ಲಿ ಹಿಡಿತವೇ ಸಿಗೋದಿಲ್ಲ.

ಹಿಸ್ಟೋಗ್ರಾಮ್ ಅನ್ನೋ ಪದ ಕಾರ್ಲ್ ಪಿಯರ್ಸನ್ 1890ರ ದಶಕದಲ್ಲಿ ಕೊಟ್ಟಿದ್ದು. ಅದೇ ದಶಕದಲ್ಲಿ, 1898ರ ಫೆಬ್ರವರಿ 1ರ ಹಿಮಗಾಳಿಗೆ ಸಿಕ್ಕ 136 ಗುಬ್ಬಚ್ಚಿಗಳನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯಕ್ಕೆ ತಂದರು. 72 ಚೇತರಿಸಿಕೊಂಡವು, 64 ಸತ್ತವು. ಹರ್ಮನ್ ಬಂಪಸ್ ಎರಡೂ ಗುಂಪಿನ ಉದ್ದ, ತೂಕ, ಮೂಳೆ ಎಲ್ಲ ಅಳೆದು ಹೋಲಿಸಿದರು, ಅಷ್ಟೂ ಅಂಕಿಗಳನ್ನು ಅಚ್ಚು ಹಾಕಿಸಿದರು. ನನ್ನ ಬಳಿ ಇಲ್ಲದೇ ಇದ್ದಿದ್ದು ಇದೇ.. ಸತ್ತವು ಎಷ್ಟು, ಉಳಿದವು ಎಷ್ಟು ಅನ್ನೋ ಎರಡನೇ ಚಿತ್ರ.

ಅದು ಬೆಂಗಳೂರಿನಲ್ಲೇ ಇತ್ತು! ಬೇಗೂರು ಊರಿನ ಈ ತುದಿಯಾದರೆ ಜಕ್ಕೂರು ಆ ತುದಿ. ಅಲ್ಲಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಮತ್ತು ಸಂಗಡಿಗರು ಹಣ್ಣಿನ ನೊಣಗಳನ್ನು ಸಾಕಿದರು. ಬೇಗ ಬೆಳೆದು ಹೊರಬಂದ ನೊಣಗಳಿಗಷ್ಟೇ ಮುಂದಿನ ಪೀಳಿಗೆ ಹುಟ್ಟಿಸುವ ಅವಕಾಶ. ಪೀಳಿಗೆಗಳು ಕಳೆದಂತೆ ಬೆಳವಣಿಗೆಗೆ ಹಿಡಿಯುವ ಸಮಯ ಇಳಿಯಿತು, ಅಂದರೆ ಗುಡ್ಡವೇ ಎಡಕ್ಕೆ ಸರಿಯಿತು. ಇಲ್ಲಿ ಆರಿಸಿದ್ದು ಪ್ರಕೃತಿಯಲ್ಲ ಮನುಷ್ಯರು, ಆದರೆ ಕೆಲಸ ನಡೆಯುವ ರೀತಿ ಅದೇ. ಬೆಲೆ ಮಾತ್ರ ತೆರಬೇಕಾಯ್ತು. ಅವಸರದ ನೊಣಗಳ ಮೈ ಚಿಕ್ಕದು, ಇಡುವ ಮೊಟ್ಟೆಯೂ ಕಡಿಮೆ.

ಮಗಳಿಗೆ ಸಂಜೆ ತಪ್ಪು ಒಪ್ಪಿಕೊಂಡೆ. “ಹಾಗಾದ್ರೆ ಪಕ್ಕದ ಬೀದಿ ಮರದ್ದೂ ಎಣಿಸೋಣ, ಆ ಮರದಲ್ಲಿ ಏಳೇ ಜಾಸ್ತಿ ಇದ್ರೆ?” ಅಂದಳು. ಅದು ಸರಿಯಾದ ಪ್ರಶ್ನೆ. ಗೆಳೆಯರೇ, ನಿಮ್ಮ ಅಂಗಳದ ಪಾರಿಜಾತಕ್ಕೆ ಎಷ್ಟು ಎಸಳು? ಎಣಿಸಿದರೆ ಕಾಮೆಂಟಿನಲ್ಲಿ ಬರೆಯಿರಿ.