ಓಟದ ಹಾದಿಯಲ್ಲಿ ಹೆಣ್ಣುತನದ ಪರೀಕ್ಷೆ

2021ರ ಆಗಸ್ಟ್ ತಿಂಗಳಲ್ಲಿ ಕೀನ್ಯಾದ ನೈರೋಬಿಯಲ್ಲಿ 20 ವರ್ಷದೊಳಗಿನವರ ವಿಶ್ವ ಅಥ್ಲೆಟಿಕ್ಸ್ ಕೂಟ ನಡೆಯಿತು. 1986ರಲ್ಲಿ ಅಥೆನ್ಸ್‌ನಲ್ಲಿ ಆರಂಭವಾದ ಈ ಕಿರಿಯರ ಕೂಟ ನಾಳಿನ ಒಲಿಂಪಿಕ್ ತಾರೆಯರನ್ನು ಜಗತ್ತಿಗೆ ಪರಿಚಯಿಸುವ ವೇದಿಕೆಯೆಂದೇ ಹೆಸರುವಾಸಿ. ನೈರೋಬಿಯಲ್ಲಿ ವನಿತೆಯರ 200 ಮೀಟರ್ ಓಟವನ್ನು ನಮೀಬಿಯಾದ ಕ್ರಿಸ್ಟೀನ್ ಎಂಬೋಮಾ 21.84 ಸೆಕೆಂಡುಗಳಲ್ಲಿ ಗೆದ್ದು ಕೂಟದಾಖಲೆ ಬರೆದರು. ಅದೇ ದೇಶದ ಬಿಯಾಟ್ರಿಸ್ ಮಸಿಲಿಂಗಿ 22.18 ಸೆಕೆಂಡುಗಳಲ್ಲಿ ಎರಡನೆಯವರಾದರು. ನೈಜೀರಿಯಾದ ಫೇವರ್ ಓಫಿಲಿಗೆ ಕಂಚು.

ಗೆದ್ದ ಇಬ್ಬರಿಗೂ ಆಗ 18 ವರ್ಷ. ವಾಸ್ತವದಲ್ಲಿ 200 ಮೀಟರ್ ಅವರು ಆರಿಸಿಕೊಂಡ ಓಟವಾಗಿರಲಿಲ್ಲ. ಅವರ ನಿಜವಾದ ಶಕ್ತಿ ಇದ್ದದ್ದು 400 ಮೀಟರ್‌ನಲ್ಲಿ. ಆ ವರ್ಷದ ಜೂನ್ 30ರಂದು ಪೋಲೆಂಡಿನಲ್ಲಿ ಎಂಬೋಮಾ ಆ ದೂರವನ್ನು 48.54 ಸೆಕೆಂಡುಗಳಲ್ಲಿ ಕ್ರಮಿಸಿದ್ದರು. ಕಿರಿಯರ ವಿಶ್ವದಾಖಲೆ ಅದುವರೆಗೆ 49.42 ಆಗಿತ್ತು. ಅದಾದ ಎರಡೇ ದಿನಗಳಲ್ಲಿ ಸುದ್ದಿ ಬಂತು: ಇಬ್ಬರ ದೇಹದಲ್ಲಿಯೂ ಸ್ವಾಭಾವಿಕವಾಗಿ ಟೆಸ್ಟೋಸ್ಟಿರಾನ್ ಪ್ರಮಾಣ ಹೆಚ್ಚಿದೆ, ಆದ್ದರಿಂದ ಅವರು 400 ಮೀಟರ್ ಓಡುವಂತಿಲ್ಲ. ಅವರು ಯಾವುದೇ ಔಷಧಿ ಸೇವಿಸಿರಲಿಲ್ಲ, ಯಾರನ್ನೂ ವಂಚಿಸಿರಲಿಲ್ಲ. ಹುಟ್ಟಿನಿಂದ ಬಂದದ್ದೇ ಅವರ ಪಾಲಿಗೆ ಅನರ್ಹತೆಯಾಯಿತು. ಆಟದ ಕಣದಲ್ಲಿ ಹುಡುಗಿಯೊಬ್ಬಳು ಹೆಣ್ಣು ಹೌದೋ ಅಲ್ಲವೋ ಎಂಬ ಪ್ರಶ್ನೆ ಎದ್ದಾಗ ಅವಳನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ? ಇದಕ್ಕೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯಿದೆ.

1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಕೂಟಕ್ಕೆ ಬಂದ ಕ್ರೀಡಾಳುಗಳು ವೈದ್ಯರ ಮುಂದೆ ಬೆತ್ತಲಾಗಿ ನಿಂತು ತಾವು ಹೆಣ್ಣೆಂದು ತೋರಿಸಬೇಕಾಯಿತು. ಇದಕ್ಕೆ ವಿರೋಧ ಬಂದಾಗ ವರ್ಣತಂತುಗಳ ಪರೀಕ್ಷೆ ಜಾರಿಗೆ ಬಂತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರಿಲೇ ಚಿನ್ನ ಗೆದ್ದಿದ್ದ ಪೋಲೆಂಡಿನ ಓಟಗಾರ್ತಿ ಎವಾ ಕ್ಲೊಬುಕೋವ್‌ಸ್ಕಾ 1967ರಲ್ಲಿ ಆ ಪರೀಕ್ಷೆಗೆ ಬಲಿಯಾದರು. 1985ರಲ್ಲಿ ಜಪಾನಿನ ಕೋಬೆಯಲ್ಲಿ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮಾರಿಯಾ ಹೋಸೆ ಮಾರ್ಟಿನೆಜ್ ಪಟಿನೊ ಅವರ ಸರದಿ ಬಂತು. ಅವರ ವರ್ಣತಂತು ಪುರುಷರದ್ದು ಎಂದಿತು ಪರೀಕ್ಷೆ. ಆದರೆ ಟೆಸ್ಟೋಸ್ಟಿರಾನ್ ಎಷ್ಟಿದ್ದರೂ ಅದನ್ನು ಬಳಸಿಕೊಳ್ಳಲಾಗದ ದೇಹ ಅವರದ್ದು. ಅದರಿಂದ ಅವರಿಗೆ ಎಳ್ಳಷ್ಟೂ ಲಾಭವಿರಲಿಲ್ಲ. ವಿಷಯ ಪತ್ರಿಕೆಗಳಿಗೆ ಸೋರಿತು. ವಿದ್ಯಾರ್ಥಿವೇತನ ಹೋಯಿತು, ಪದಕ ಮತ್ತು ದಾಖಲೆಗಳು ಹೋದವು. ಮೂರು ವರ್ಷಗಳ ಹೋರಾಟದ ಬಳಿಕ 1988ರಲ್ಲಿ ಅವರಿಗೆ ಮತ್ತೆ ಓಡಲು ಅನುಮತಿ ದೊರೆಯಿತು. 1990ರ ದಶಕ ಮುಗಿಯುವುದರೊಳಗೆ ಎಲ್ಲ ಕ್ರೀಡಾಳುಗಳಿಗೂ ಕಡ್ಡಾಯವಾಗಿದ್ದ ಈ ಪರೀಕ್ಷೆಯನ್ನು ಅಥ್ಲೆಟಿಕ್ಸ್ ಸಂಸ್ಥೆಯೂ ಒಲಿಂಪಿಕ್ ಸಮಿತಿಯೂ ಕೈಬಿಟ್ಟವು.

ಮುಂದಿನ ಅಧ್ಯಾಯ ನಮ್ಮ ದೇಶದ್ದೇ. ಒಡಿಶಾದ ನೇಕಾರ ಕುಟುಂಬದ ದ್ಯುತಿ ಚಂದ್ 2014ರ ಜೂನ್‌ನಲ್ಲಿ ತೈಪೆಯ ಏಷ್ಯನ್ ಕಿರಿಯರ ಕೂಟದಲ್ಲಿ ಎರಡು ಚಿನ್ನ ಗೆದ್ದರು. ಆಗ ಅವರಿಗೂ 18 ವರ್ಷ. ಮರುತಿಂಗಳು ಅಮೆರಿಕದ ಯೂಜೀನ್‌ನಲ್ಲಿ ಕಿರಿಯರ ವಿಶ್ವಕೂಟ, ಗ್ಲಾಸ್ಗೊದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಎರಡಕ್ಕೂ ಅವರಿಗೆ ಬಾಗಿಲು ಮುಚ್ಚಿತು. 2011ರ ನಿಯಮದಂತೆ ಲೀಟರ್ ರಕ್ತದಲ್ಲಿ 10 ನ್ಯಾನೋಮೋಲ್‌ಗಿಂತ ಕಡಿಮೆ ಟೆಸ್ಟೋಸ್ಟಿರಾನ್ ಇರಬೇಕಿತ್ತು. ಔಷಧಿಯಿಂದ ಅದನ್ನು ಇಳಿಸಿಕೊಳ್ಳಲು ಒಪ್ಪದ ದ್ಯುತಿ ಕ್ರೀಡಾ ನ್ಯಾಯಮಂಡಳಿಯ ಮೊರೆ ಹೋದರು. ಈ ಹಾರ್ಮೋನಿನಿಂದ ಎಷ್ಟು ಲಾಭ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು 2015ರ ಜುಲೈನಲ್ಲಿ ಮಂಡಳಿ ನಿಯಮವನ್ನು ಅಮಾನತಿನಲ್ಲಿಟ್ಟಿತು. 2016ರ ರಿಯೊ ಒಲಿಂಪಿಕ್ಸ್‌ನ 100 ಮೀಟರ್‌ನಲ್ಲಿ ದ್ಯುತಿ ಓಡಿದರು. 1980ರಲ್ಲಿ ಪಿ.ಟಿ. ಉಷಾ ಓಡಿದ ನಂತರ ಆ ಸ್ಪರ್ಧೆಗೆ ಇಳಿದ ಮೊದಲ ಭಾರತೀಯ ಮಹಿಳೆ ಅವರು.

2018ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಹೊಸ ನಿಯಮ ತಂದಿತು. ಮಿತಿ 5 ನ್ಯಾನೋಮೋಲ್‌ಗೆ ಇಳಿಯಿತು, ಆದರೆ ಅನ್ವಯ 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ. ನಮೀಬಿಯಾದ ಹುಡುಗಿಯರು 200 ಮೀಟರ್‌ಗೆ ಇಳಿದದ್ದು ಈ ಕಾರಣದಿಂದ. ಎಂಬೋಮಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯನ್ನೂ ಗೆದ್ದರು. ನಿಯಮಕ್ಕೆ ಆಧಾರವಾಗಿದ್ದ 2017ರ ಅಧ್ಯಯನವು ಕಾರಣ-ಪರಿಣಾಮದ ಸಂಬಂಧವನ್ನು ಸಾಬೀತುಪಡಿಸುವುದಿಲ್ಲವೆಂದು ಅದರ ಲೇಖಕರೇ 2021ರಲ್ಲಿ ತಿದ್ದುಪಡಿ ಪ್ರಕಟಿಸಿದರು.

ಇನ್ನೊಂದು ಪಕ್ಷದ ಮಾತನ್ನೂ ಕೇಳುವುದು ನ್ಯಾಯ. ನೈರೋಬಿಯ 400 ಮೀಟರ್ ಓಟವನ್ನು ನೈಜೀರಿಯಾದ ಇಮಾಬಾಂಗ್ ಉಕೊ 51.55 ಸೆಕೆಂಡುಗಳಲ್ಲಿ ಗೆದ್ದರು. ನಮ್ಮ ಕರ್ನಾಟಕದ ಪ್ರಿಯಾ ಮೋಹನ್ 52.77 ಸೆಕೆಂಡುಗಳಲ್ಲಿ ನಾಲ್ಕನೆಯವರಾದರು. ಅದೇ ವರ್ಷ ಎಂಬೋಮಾ 48.54, ಮಸಿಲಿಂಗಿ 49.53 ಸೆಕೆಂಡುಗಳಲ್ಲಿ ಓಡಿದ್ದರು. ಅವರಿಬ್ಬರೂ ಆ ಅಂತಿಮ ಸುತ್ತಿನಲ್ಲಿ ಹಾಗೆ ಓಡಿದ್ದರೆ ಪ್ರಿಯಾ ಆರನೆಯವರಾಗುತ್ತಿದ್ದರು, ಉಕೊ ಚಿನ್ನ ಕಳೆದುಕೊಳ್ಳುತ್ತಿದ್ದರು. ವರ್ಷಗಟ್ಟಲೆ ಬೆವರು ಹರಿಸಿದ ಆ ಹುಡುಗಿಯರ ಅಳಲು ಸುಳ್ಳಲ್ಲ. ವನಿತೆಯರಿಗೆ ಪ್ರತ್ಯೇಕ ವಿಭಾಗ ಇರುವುದೇ ಅವರಿಗೆ ಗೆಲ್ಲುವ ಅವಕಾಶ ಇರಲಿ ಎಂದು. ಆದ್ದರಿಂದ ಯಾವ ನಿಯಮವೂ ಬೇಡ ಎನ್ನುವುದು ಸುಲಭದ ಉತ್ತರವೇ ಹೊರತು ಪರಿಹಾರವಲ್ಲ.

ಆದರೆ ನಿಯಮ ಬೇರೆ, ಅವಮಾನ ಬೇರೆ. ಹೆಣ್ಣೋ ಗಂಡೋ ಎಂದು ಸ್ಪಷ್ಟವಾಗದ ದೇಹಗಳ ಪ್ರಶ್ನೆ ನಮ್ಮ ಪೂರ್ವಿಕ ವಿದ್ವಾಂಸರಿಗೆ ಅಪರಿಚಿತವಾಗಿರಲಿಲ್ಲ. ಇಸ್ಲಾಮೀ ಕರ್ಮಶಾಸ್ತ್ರದ ಗ್ರಂಥಗಳಲ್ಲಿ 'ಖುನ್ಸಾ' ಎಂಬ ಹೆಸರಿನಡಿ ಅಂಥವರ ನಮಾಝ್ ಮತ್ತು ವಾರಸು ಹಕ್ಕಿನ ಕುರಿತು ಸುದೀರ್ಘ ಚರ್ಚೆಯಿದೆ. ಅವರ ತೀರ್ಮಾನಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಅಂಥವರಿಗೆ ನಮಾಝಿನ ಸಾಲಿನಲ್ಲಿ ಸ್ಥಾನವಿಲ್ಲ, ಆಸ್ತಿಯಲ್ಲಿ ಪಾಲಿಲ್ಲ ಎಂದು ಅವರು ಕೈತೊಳೆದುಕೊಳ್ಳಲಿಲ್ಲ. ಸ್ಥಾನ ಎಲ್ಲಿ, ಪಾಲು ಎಷ್ಟು ಎಂದು ಹುಡುಕಿದರು. ಇನ್ನೊಬ್ಬರ ಖಾಸಗಿ ಸಂಗತಿಯ ಮೇಲೆ ಪರದೆ ಎಳೆಯುವುದನ್ನು ಪ್ರವಾದಿವರ್ಯರು(ಸ) ಪುಣ್ಯವೆಂದು ಕಲಿಸಿದ್ದಾರೆ. ಕ್ರೀಡಾಲೋಕ ಮಾಡಿದ್ದು ಇದಕ್ಕೆ ತದ್ವಿರುದ್ಧ. ಹದಿಹರೆಯದ ಹುಡುಗಿಯ ರಕ್ತದ ವರದಿ ಜಗತ್ತಿನ ಮಾತಾಯಿತು.

2023ರ ಮಾರ್ಚ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಿತಿಯನ್ನು 2.5 ನ್ಯಾನೋಮೋಲ್‌ಗೆ ಇಳಿಸಿ ಎಲ್ಲ ಸ್ಪರ್ಧೆಗಳಿಗೂ ವಿಸ್ತರಿಸಿತು. 200 ಮೀಟರಿನ ಬಾಗಿಲೂ ಮುಚ್ಚಿತು. 2025ರ ಸೆಪ್ಟೆಂಬರ್ 1ರಿಂದ ವಿಶ್ವ ಕ್ರಮಾಂಕಕ್ಕೆ ಪರಿಗಣಿಸುವ ವನಿತೆಯರ ಸ್ಪರ್ಧೆಗಳಿಗೆ ಎಸ್‌ಆರ್‌ವೈ ಜೀನ್ ಪರೀಕ್ಷೆಯೂ ಜಾರಿಗೆ ಬಂತು. ಜೀವನದಲ್ಲಿ ಒಮ್ಮೆ ಕೆನ್ನೆಯ ಒಳಭಾಗದ ದ್ರವವನ್ನೋ ರಕ್ತವನ್ನೋ ಕೊಟ್ಟರೆ ಸಾಕು. ಪಟಿನೊ ಅವರಂಥವರಿಗೆ ಇದರಲ್ಲಿ ವಿನಾಯಿತಿ ಇದೆ ನಿಜ. ಆದರೂ ಈ ಜೀನನ್ನು 1990ರಲ್ಲಿ ಪತ್ತೆಹಚ್ಚಿದ ತಂಡದಲ್ಲಿದ್ದ ಆಂಡ್ರ್ಯೂ ಸಿಂಕ್ಲೇರ್ ಅವರೇ ಹೆಣ್ಣು-ಗಂಡಿನ ನಿರ್ಣಯ ಒಂದೇ ಜೀನಿನಿಂದ ಆಗುವಂಥದ್ದಲ್ಲವೆಂದು ಇದನ್ನು ವಿರೋಧಿಸಿದ್ದಾರೆ.

ತನ್ನ ದೇಹದ ಇಂಥ ಸತ್ಯವನ್ನು ಮೊದಲ ಬಾರಿಗೆ ಒಂದು ಪ್ರಯೋಗಾಲಯದ ಕಾಗದದಿಂದ ತಿಳಿಯುವ ಹುಡುಗಿಯರು ಹೆಚ್ಚಾಗಿ ಬಡ ದೇಶಗಳ, ಬಡ ಮನೆಗಳ ಮಕ್ಕಳು. ಪರೀಕ್ಷೆ ಮಾಡುವುದೇ ಆದರೆ ಫಲಿತಾಂಶವನ್ನು ಅವರ ಭಾಷೆಯಲ್ಲಿ, ಹೆತ್ತವರ ಸಮ್ಮುಖದಲ್ಲಿ, ಗೌಪ್ಯವಾಗಿ ತಿಳಿಸುವ ವೈದ್ಯರು ಬೇಕು. ಓಟ ನಿಂತರೂ ಅವರ ಓದು ಮತ್ತು ಉದ್ಯೋಗ ನಿಲ್ಲದಂತೆ ನೋಡಿಕೊಳ್ಳುವ ಹೊಣೆಯನ್ನು ಕ್ರೀಡಾ ಸಂಸ್ಥೆಗಳು ಹೊರಬೇಕು. ಪದಕ ಗೆದ್ದಾಗ ನಮ್ಮ ಮಗಳು ಎಂದು ಮೆರವಣಿಗೆ ಮಾಡುವವರು, ಆಕೆಯ ವರದಿ ಬಂದ ದಿನವೂ ನಮ್ಮ ಮಗಳು ಎನ್ನಬೇಕಲ್ಲವೇ?