ಇಂದುಲೇಖೆ, ಇಂದಿರೆ ಮತ್ತು ಕಲ್ಯಾಣಿಕುಟ್ಟಿ

ನಾಯರ್ ಹೆಣ್ಣುಮಕ್ಕಳು ಚಂದ್ರಗಿರಿ ಹೊಳೆಯನ್ನು ದಾಟಿ ಬಡಗು ದಿಕ್ಕಿಗೆ ಹೋಗಕೂಡದೆಂಬ ಕಟ್ಟುಪಾಡು ಹಿಂದೆ ಇತ್ತೆಂದು ಬ್ರಿಟಿಷರ ಕಾಲದ ಗೆಜೆಟಿಯರು ಹೇಳುತ್ತದೆ. ಇಂದು ಅದೇ ಹೊಳೆಯ ಸೇತುವೆಯ ಮೇಲೆ ಬಸ್ಸಿನಲ್ಲಿ ಕೂತು ಎರಡು ಭಾಷೆಗಳ ಹರಟೆ ಕೇಳುವಾಗ ಅದು ನಂಬುವ ಮಾತೆನಿಸುವುದಿಲ್ಲ. ಹೊಳೆಯ ಆಚೆಗೂ ಈಚೆಗೂ ಸೇರಿದ ಎರಡು ಕಾದಂಬರಿಗಳನ್ನು ನಾನು ಒಂದೇ ಮಳೆಗಾಲದಲ್ಲಿ ಓದಿದೆ. ಒಂದು, ಒ. ಚಂದು ಮೇನೋನ್ ಅವರ ‘ಇಂದುಲೇಖಾ’ (1889). ಇನ್ನೊಂದು, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899).

ಮಲಬಾರಿನ ‘ಸಂಬಂಧ’ದ ಬಗೆಯನ್ನು ನಮ್ಮ ಓದುಗರಲ್ಲಿ ಹಲವರು ಬಲ್ಲರು. ನಂಬೂದಿರಿ ಮನೆಗಳಲ್ಲಿ ಸಾಮಾನ್ಯವಾಗಿ ಹಿರಿಯ ಮಗನಿಗೆ ಮಾತ್ರ ಸ್ವಜಾತಿಯ ಮದುವೆ. ಕಿರಿಯರು ನಾಯರ್ ತರವಾಡುಗಳಲ್ಲಿ ಸಂಬಂಧ ಬೆಳೆಸುತ್ತಿದ್ದರು. ಹುಟ್ಟಿದ ಮಕ್ಕಳು ತಾಯಿಯ ಮನೆಗೆ ಸೇರಿದವರು. ತಂದೆಯ ಆಸ್ತಿಯಲ್ಲಿ ಅವರಿಗೆ ಪಾಲಿಲ್ಲ. ಕೋರ್ಟಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಹಾಗಿದ್ದರೂ ನಂಬೂದಿರಿಯೋ ರಾಜಮನೆತನದವರೋ ಮನೆಗೆ ಬಂದರೆಂದರೆ ತರವಾಡಿನ ಅಂತಸ್ತು ಏರಿತೆಂದೇ ಲೆಕ್ಕ. ಏರುವುದು ಮನೆಯವರೆಲ್ಲ, ಮೆಟ್ಟಿಲಾಗುವುದು ಮಗಳೊಬ್ಬಳು!

ಇಂದುಲೇಖೆಯೂ ಇಂಥ ಸಂಬಂಧದಲ್ಲೇ ಹುಟ್ಟಿದವಳು. ತಂದೆ ರಾಜ, ಬೇಗ ತೀರಿಹೋದವನು. ತಾಯಿಗೆ ಆಮೇಲೆ ನಂಬೂದಿರಿಯೊಬ್ಬನ ಸಂಬಂಧ. ಸೋದರಮಾವ ಅವಳಿಗೆ ಇಂಗ್ಲಿಷನ್ನೂ ಸಂಗೀತವನ್ನೂ ಕಲಿಸುತ್ತಾನೆ. ಅವಳು ಒಲಿದದ್ದು ಬಿ.ಎ., ಬಿ.ಎಲ್. ಓದಿದ ಮಾಧವನಿಗೆ. ಅಜ್ಜ ಪಂಚು ಮೇನೋನನಿಗೆ ಮಾಧವನ ಮೇಲೆ ಸಿಟ್ಟು. ಹುಡುಗನೊಬ್ಬನನ್ನು ಇಂಗ್ಲಿಷ್ ಓದಿಸಲು ಮದರಾಸಿಗೆ ಕಳುಹಿಸಬೇಕೆಂದು ಅವನು ಹಿರಿಯನೆದುರು ವಾದಿಸಿದ್ದೇ ಜಗಳದ ಮೂಲ. ಅಜ್ಜ ಆಣೆಯಿಟ್ಟು, ಸಿರಿವಂತ ಸೂರಿ ನಂಬೂದಿರಿಪ್ಪಾಡನನ್ನು ಕರೆಸುತ್ತಾನೆ. ಆ ಪೆದ್ದ ರಸಿಕನಿಗೆ ಇಂದುಲೇಖೆ ಮುಖ ಮುರಿದಂತೆ ಉತ್ತರ ಕೊಡುವ ಪುಟಗಳನ್ನು ಓದಿ ಇಂದಿಗೂ ನಗು ಬರುತ್ತದೆ.

ಚಂದು ಮೇನೋನರು ಡಿಸ್ರೇಲಿಯ ‘ಹೆನ್ರಿಯೆಟ್ಟಾ ಟೆಂಪಲ್’ ಎಂಬ ಪ್ರೇಮಕಾದಂಬರಿಯನ್ನು ಅನುವಾದಿಸಲು ಹೊರಟು, ಅದನ್ನು ಬಿಟ್ಟು ಸ್ವಂತ ಕಥೆ ಬರೆದರು. ಆದರೆ ಪ್ರೇಮಕ್ಕೆ ಬೆನ್ನೆಲುಬಾಗಿ ನಿಂತದ್ದು ಪರೀಕ್ಷೆ ಮತ್ತು ಸರಕಾರಿ ನೌಕರಿ. ಮಾಧವ ಸಂಬಳಗಾರ, ಕಾರಣವರನ ಕೈ ಕಾಯಬೇಕಾಗಿಲ್ಲ. ಹಾಗಾಗಿ ಅವನಿಗೆ ಒಲಿಯುವ ಧೈರ್ಯವೂ ಉಂಟು.

ಈಚೆ ದಡದ ‘ಇಂದಿರಾಬಾಯಿ’ಯಲ್ಲಿ ತರವಾಡಿಲ್ಲ, ಸಂಬಂಧವಿಲ್ಲ. ಅಲ್ಲಿರುವುದು ಎಳೆವಯಸ್ಸಿನ ವಿಧವೆಯ ಪಾಡು. ಇಂದಿರೆ ಮನೆಬಿಟ್ಟು, ಓದಿ, ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ಅವನೂ ಪರರ ಆಶ್ರಯದಲ್ಲಿ ಬೆಳೆದು ವಿದ್ಯೆಯಿಂದ ಮೇಲೆ ಬಂದವನು. ಕಥೆ ಬೇರೆ, ಏಣಿ ಒಂದೇ. ಗುಲ್ವಾಡಿಯವರ ಉಪದೇಶದ ಧಾಟಿ ನನಗೆ ಸ್ವಲ್ಪ ಹೆಚ್ಚೆನಿಸಿತು. ಮೇನೋನರ ನಗೆಯೇ ಹೆಚ್ಚು ನಾಟಿತು. ‘ಇಂದಿರಾಬಾಯಿ’ ಹೊರಬಂದ ವರ್ಷವೇ ಮೇನೋನರು ತೀರಿಕೊಂಡರು.

ನನ್ನನ್ನು ಕಾಡುವವಳು ಮಾತ್ರ ಕಲ್ಯಾಣಿಕುಟ್ಟಿ. ಇಂದುಲೇಖೆ ಒಲ್ಲೆನೆಂದಾಗ ನಂಬೂದಿರಿಪ್ಪಾಡನಿಗೆ ಬರಿಗೈಯಲ್ಲಿ ಮರಳುವುದು ಅವಮಾನ. ಅದೇ ಮನೆತನದ ಈ ಎಳೆಯ ಹುಡುಗಿಯೊಂದಿಗೆ ರಾತ್ರೋರಾತ್ರಿ ಸಂಬಂಧ ಮುಗಿಸಿ, ಅವಳನ್ನು ಕರೆದುಕೊಂಡು ಊರಿಗೆ ಹೊರಡುತ್ತಾನೆ. ಅವನು ಇಂದುಲೇಖೆಯನ್ನೇ ಕರೆದೊಯ್ದನೆಂಬ ಸುದ್ದಿ ಹಬ್ಬಿ, ಮಾಧವ ಮನನೊಂದು ಊರು ಬಿಡುತ್ತಾನೆ. ಓದುಗರು ಮಾಧವನ ಹಿಂದೆ ಬೊಂಬಾಯಿ ಕಲಕತ್ತೆ ತಿರುಗುತ್ತಾರೆ, ಕಲ್ಯಾಣಿಕುಟ್ಟಿಯನ್ನು ಮರೆಯುತ್ತಾರೆ. ಓದಿದವಳ ‘ಒಲ್ಲೆ’ಗೆ ಬೆಲೆ ಬಂತು, ಓದದವಳನ್ನು ಕೇಳಿದವರೇ ಇಲ್ಲ.

1891ರಲ್ಲಿ ಮಲಬಾರ್ ವಿವಾಹ ಆಯೋಗ ಕುಳಿತಾಗ ಮೇನೋನರೂ ಸದಸ್ಯರಾಗಿದ್ದರು. ಸಂಬಂಧವೆಂಬುದು ಆಗಲೇ ನಿಜವಾದ ಮದುವೆ, ಹೊಸ ಕಾನೂನು ಬೇಡವೆಂದು ಅವರು ಭಿನ್ನಮತ ಬರೆದರು. ಸಂಬಂಧದ ಪ್ರಹಸನ ಬರೆದವರೇ ಹೀಗೆಂದದ್ದು ಮೊದಲು ನನಗೆ ಒಗಟಾಗಿತ್ತು. ಮನಸ್ಸೊಪ್ಪದಿದ್ದರೆ ಬಿಡುವ ಹಕ್ಕು ಹೆಣ್ಣಿಗೂ ಇದೆಯೆಂಬ ಹೆಮ್ಮೆ ಅವರಲ್ಲಿತ್ತೆಂದು ಈಗ ಊಹಿಸುತ್ತೇನೆ. ಸಿ. ಶಂಕರನ್ ನಾಯರ್ ಅವರ ಪ್ರಯತ್ನದಿಂದ 1896ರಲ್ಲಿ ಕಾನೂನು ಬಂತು. ಸಂಬಂಧವನ್ನು ನೋಂದಾಯಿಸಿಕೊಂಡರಷ್ಟೇ ಅದು ಅನ್ವಯ. ಮುಂದೆ ಬಂದವರು ತೀರಾ ಕಡಿಮೆ.

ನೋಂದಣಿಯ ಹಂಗಿಲ್ಲದೆ ಸಂಬಂಧಕ್ಕೆ ಮದುವೆಯ ಮಾನ್ಯತೆ ಸಿಕ್ಕಿದ್ದು 1933ರಲ್ಲಿ, ಮದರಾಸು ಮರುಮಕ್ಕತ್ತಾಯ ಕಾನೂನು ಜಾರಿಯಾದಾಗ. ‘ಇಂದುಲೇಖಾ’ ಅಚ್ಚಾಗಿ ಆಗ 44 ವರ್ಷ. ಕಲ್ಯಾಣಿಕುಟ್ಟಿಯಂಥವರು ಅಷ್ಟರಲ್ಲಿ ಅಜ್ಜಿಯಂದಿರಾಗಿದ್ದರು.